ಕಳಕೊಂಡವರು ಸಿಗೋ ಕಥೆ: ಕ್ರೈಸ್ತ ಕಾದಂಬರಿ ಅಂದ್ರೆ ಏನು? ಅದರಲ್ಲಿ ಏನಿರುತ್ತೆ? ಇಲ್ಲಿದೆ ಮಾಹಿತಿ

ಇಳಕಲ್ಲ: ಹೋದ ವಾರ ಇಲ್ಲಿನ ಒಂದು ಸೀರೆ ಅಂಗಡಿಯಲ್ಲಿ ಕುಂತಿದ್ದೆ. ಸುದ್ದಿಗೆ ಅಂತ ಹೋದದ್ದಲ್ಲ, ಜಾಹೀರಾತಿನ ಬಾಕಿ ಕೇಳೋಕೆ ಹೋಗಿದ್ದು. ಸಾವಕಾರ್ರು ಬಾಕಿ ಮಾತು ಬಿಟ್ಟು ಬೇರೆ ಪ್ರಶ್ನೆ ಹಾಕಿದ್ರು.

"ತಮ್ಮಾ, ನೀ ಬರಿಯಾಂವ ಅದಿ, ನಿನಗ ಗೊತ್ತಿರಬೇಕು. ನಮ್ಮ ಹುಡುಗಿ ಗೆಳತಿ ಕಡೆಯಿಂದ ಒಂದು ಕಾದಂಬರಿ ಇಸಗೊಂಡು ಬಂದಾಳ. ಕ್ರಿಶ್ಚನ್ನರದಂತ. ಪ್ರೀತಿ ಮಾಡಿದವರು ಅಗಲತಾರ, ಮನಿ ಮಂದಿ ಚದುರಿ ಹೋಗತಾರ, ಕಡೀಕ ಎಲ್ಲಾರೂ ಕೂಡತಾರ. ರಾತ್ರಿ ಓದಿ ಅಳಾಕತ್ತಿದ್ಲು. ಇಂಥಾ ಪುಸ್ತಕದಾಗ ಏನಿರತೈತಿ? ಓದಿದ್ರ ಏನರ ಆಕ್ಕೈತೇನು?"

"ಏನರ" ಅಂದಾಗ ಅವರ ಮನಸ್ಸಿನಲ್ಲಿ ಯಾವ ಶಬ್ದ ಇತ್ತು ಅಂತ ಇಬ್ಬರಿಗೂ ಗೊತ್ತಿತ್ತು. ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವತ್ತು ನನಗೆ ಸರಿಯಾದ ಉತ್ತರ ಕೊಡೋಕೆ ಆಗಲಿಲ್ಲ. ಆಮೇಲೆ ಕುಂತು ಓದಿ, ತಿಳಿದವರನ್ನ ಕೇಳಿ ಬರೆದದ್ದು ಇದು. ಇದೇ ಪ್ರಶ್ನೆ ಇರೋ ಬೇರೆಯವರಿಗೂ ಉಪಯೋಗ ಆಗಬಹುದು.

ಎರಡು ಥರದ ಪುಸ್ತಕ, ಹೆಸರು ಮಾತ್ರ ಒಂದೇ

ಕ್ರೈಸ್ತ ಕಾದಂಬರಿ ಅಂತ ಜನ ಎರಡು ಬೇರೆ ಬೇರೆ ಪುಸ್ತಕಗಳಿಗೆ ಅಂತಾರೆ. ಒಂದು, ನಂಬಿಕೆ ಹೇಳೋಕೆ ಅಂತಲೇ ಬರೆದದ್ದು. ಇದರಲ್ಲಿ ಕಥೆ ಎಲ್ಲಿ ತಿರುಗಿದರೂ ಅದರ ಹಿಂದೆ ದೇವರ ಕೈ ಇರುತ್ತೆ. ಕಡೆಗೆ ಯಾರಾದರೂ ಮನಸ್ಸು ತಿರುಗಿಸಿಕೊಂಡು ಪ್ರಾರ್ಥನೆ ಮಾಡುತ್ತಾರೆ. ಎರಡನೇದು, ಕ್ರೈಸ್ತ ಮನೆಗಳ ಬದುಕಿನ ಮೇಲೆ ಬರೆದ ಕಾದಂಬರಿ. ಇದರಲ್ಲಿ ಚರ್ಚು ಊರಿನ ಒಂದು ಕಟ್ಟಡ ಅಷ್ಟೇ, ನಮ್ಮ ಓಣಿಯಲ್ಲಿ ಮಠ, ದರ್ಗಾ ಇದ್ದ ಹಾಗೆ. ಜಗಳ, ಸಾಲ, ಮದುವೆ, ಆಸ್ತಿ ಎಲ್ಲ ನಮ್ಮ ಮನೆಗಳದ್ದೇ.

ಅಮೆರಿಕದಲ್ಲಿ ಮೊದಲನೇ ಥರದ್ದಕ್ಕೆ ದೊಡ್ಡ ಮಾರ್ಕೆಟ್ಟೇ ಇದೆ. ಫ್ರಾನ್ಸಿನ್ ರಿವರ್ಸ್ ಅನ್ನುವ ಲೇಖಕಿ 1991ರಲ್ಲಿ ಬರೆದ 'ರಿಡೀಮಿಂಗ್ ಲವ್' ಅದರಲ್ಲಿ ಬಹಳ ಹೆಸರು ಮಾಡಿದ್ದು, 2022ರಲ್ಲಿ ಸಿನಿಮಾನೂ ಬಂತು. ಸಣ್ಣ ವಯಸ್ಸಿನಲ್ಲೇ ವೇಶ್ಯಾವಾಟಿಕೆಗೆ ಮಾರಾಟವಾದ ಹುಡುಗಿ, ಅವಳನ್ನ ಮದುವೆಯಾಗುವ ರೈತ. ಅವಳು ಬಿಟ್ಟು ಬಿಟ್ಟು ಓಡುತ್ತಾಳೆ, ಅವನು ಬಾಗಿಲು ಮುಚ್ಚುವುದಿಲ್ಲ. ಇದರ ಬೇರು ಬೈಬಲಿನ ಹೋಶೇಯ ಪ್ರವಾದಿಯ ಕಥೆಯಲ್ಲಿದೆ. ಬಿಟ್ಟುಹೋದ ಹೆಂಡತಿಯನ್ನ ಹೋಶೇಯ ದುಡ್ಡು ಕೊಟ್ಟು ಬಿಡಿಸಿಕೊಂಡು ಬರುತ್ತಾನೆ. ಲೆಕ್ಕ ಸಮೇತ ಬರೆದಿದ್ದಾರೆ: 15 ಬೆಳ್ಳಿ ನಾಣ್ಯ, ಅದರ ಮೇಲೆ ಒಂದಷ್ಟು ಜವೆಗೋದಿ. ಪೂರಾ ರೊಕ್ಕ ಇರಲಿಲ್ಲ, ಉಳಿದದ್ದನ್ನ ಕಾಳಿನಲ್ಲಿ ತೀರಿಸಿದ ಅಂತ ಓದಿದಾಗ ನನಗೆ ಅನ್ನಿಸಿತು. ನಮ್ಮ ಸಂತೆಯಲ್ಲಿ ಇಂಥ ವ್ಯವಹಾರ ಹೊಸದೇನಲ್ಲ.

ಅಂಗಡಿಯವರು ಓದಬೇಕಾದ ಕಥೆ

ಕುಟುಂಬ ಚದುರಿ ಮತ್ತೆ ಕೂಡುವ ಕಥೆಗಳ ಮೂಲಪುರುಷ ಅಂದರೆ ಯೋಸೇಫ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದಲ್ಲಿ, 37ನೇ ಅಧ್ಯಾಯದಿಂದ 50ರವರೆಗೆ ಇದೆ. ನಡುವೆ ಒಂದು ಅಧ್ಯಾಯ ಬೇರೆಯವರದ್ದು, ಬಿಟ್ಟರೂ ನಡೆಯುತ್ತೆ.

ಅಪ್ಪನಿಗೆ ಮುದ್ದಿನ ಮಗ ಅಂತ ಅಣ್ಣಂದಿರಿಗೆ ಹೊಟ್ಟೆಕಿಚ್ಚು. ಹದಿನೇಳು ವರ್ಷದ ತಮ್ಮನನ್ನ ದಾರಿಯಲ್ಲಿ ಹೋಗುತ್ತಿದ್ದ ವ್ಯಾಪಾರಿಗಳಿಗೆ 20 ಬೆಳ್ಳಿ ನಾಣ್ಯಕ್ಕೆ ಮಾರುತ್ತಾರೆ. ಅಂಗಿಯನ್ನ ಹೋತದ ರಕ್ತದಲ್ಲಿ ಅದ್ದಿ ಅಪ್ಪನ ಮುಂದೆ ಇಡುತ್ತಾರೆ. ಮುದುಕ ಮಗ ಸತ್ತ ಅಂತಲೇ ನಂಬುತ್ತಾನೆ. ಹುಡುಗ ಐಗುಪ್ತದಲ್ಲಿ, ಅಂದರೆ ಈಜಿಪ್ತದಲ್ಲಿ, ಆಳಾಗಿ, ಜೈಲು ಕಂಡು, ಕಡೆಗೆ ರಾಜನ ಉಗ್ರಾಣಕ್ಕೆಲ್ಲ ಯಜಮಾನ ಆಗುತ್ತಾನೆ. ಏಳು ವರ್ಷ ಸುಗ್ಗಿ, ಆಮೇಲೆ ಏಳು ವರ್ಷ ಬರ ಅಂತ ಮೊದಲೇ ತಿಳಿದು ಕಾಳು ಕೂಡಿಡುತ್ತಾನೆ.

ಬರ ಬಿತ್ತು. ಮಾರಿದ ಅಣ್ಣಂದಿರೇ ಕಾಳು ಕೊಳ್ಳೋಕೆ ಬರುತ್ತಾರೆ. ಅವನು ಗುರುತು ಹಿಡಿಯುತ್ತಾನೆ, ಅವರಿಗೆ ಗುರುತು ಸಿಗುವುದಿಲ್ಲ. ತನಗೆ ಅವರ ಮಾತು ಬರುತ್ತಿದ್ದರೂ ನಡುವೆ ದುಭಾಷಿಯನ್ನ ಇಟ್ಟುಕೊಂಡು ಮಾತಾಡುತ್ತಾನೆ. ಅವರು ತಮ್ಮ ತಮ್ಮಲ್ಲೇ "ಅವತ್ತು ತಮ್ಮನಿಗೆ ಮಾಡಿದ್ದಕ್ಕೆ ಇವತ್ತು ಅನುಭವಿಸ್ತೀವಿ" ಅನ್ನುವ ಅರ್ಥದಲ್ಲಿ ಮಾತಾಡಿಕೊಂಡದ್ದು ಅವನ ಕಿವಿಗೆ ಬೀಳುತ್ತೆ. ಆಚೆ ಹೋಗಿ ಅತ್ತು, ಮುಖ ಗಟ್ಟಿ ಮಾಡಿಕೊಂಡು ವಾಪಸ್ ಬರುತ್ತಾನೆ. ಕಾಳಿನ ಚೀಲ ಕಟ್ಟಿಸುವಾಗ ಅವರು ಕೊಟ್ಟ ರೊಕ್ಕವನ್ನ ಅದೇ ಚೀಲದಲ್ಲಿ ಇಡಿಸುತ್ತಾನೆ. ದಾರಿಯಲ್ಲಿ ಚೀಲ ಬಿಚ್ಚಿದ ಅಣ್ಣಂದಿರು ಖುಷಿ ಪಡುವುದಿಲ್ಲ, ಹೆದರುತ್ತಾರೆ. ಕೊಟ್ಟ ದುಡ್ಡು ಹಂಗೇ ವಾಪಸ್ ಬಂದರೆ ವ್ಯಾಪಾರಿಗೆ ಸಂತೋಷಕ್ಕಿಂತ ಸಂಶಯ ಮೊದಲು ಬರುತ್ತೆ, ಇದು ನಮ್ಮ ಓದುಗರಿಗೆ ನಾನು ಹೇಳಬೇಕಿಲ್ಲ.

ಗುರುತು ಹೇಳುವುದನ್ನ ಯೋಸೇಫ ತಡ ಮಾಡುತ್ತಲೇ ಹೋಗುತ್ತಾನೆ. ಯಾಕೆ? ಅಣ್ಣಂದಿರು ಬದಲಾಗಿದ್ದಾರಾ ಇಲ್ಲವಾ ಅಂತ ಅವನಿಗೆ ನೋಡಬೇಕಿದೆ. ಎಲ್ಲರಿಗಿಂತ ಸಣ್ಣ ತಮ್ಮ ಬೆನ್ಯಾಮೀನನ ಚೀಲದಲ್ಲಿ ತನ್ನ ಬೆಳ್ಳಿ ಬಟ್ಟಲು ಇಡಿಸಿ ಕಳ್ಳತನ ಹೊರಿಸುತ್ತಾನೆ. ಅವತ್ತು ಒಬ್ಬ ತಮ್ಮನನ್ನ ಮಾರಿದವರು ಇವತ್ತು ಇನ್ನೊಬ್ಬನನ್ನ ಬಿಟ್ಟು ಹೋಗುತ್ತಾರಾ? ಮಾರುವ ಮಾತು ಮೊದಲು ತೆಗೆದಿದ್ದ ಯೆಹೂದನೇ ಈಗ ಮುಂದೆ ಬಂದು, ಇವನ ಬದಲು ನನ್ನನ್ನ ಆಳಾಗಿ ಇಟ್ಟುಕೋ ಅನ್ನುತ್ತಾನೆ. ಆಗ ಯೋಸೇಫನಿಗೆ ತಡೆಯೋಕಾಗಲ್ಲ. ನೌಕರರನ್ನೆಲ್ಲ ಹೊರಗೆ ಕಳಿಸಿ ನಾನೇ ಅವನು ಅಂತಾನೆ. ಮಾರಿದಾಗ 17, ಈಗ ಸುಮಾರು 39. ನಡುವೆ 22 ವರ್ಷ.

ಅಂಥ ಕಾದಂಬರಿಗಳ ಗುಟ್ಟೆಲ್ಲ ಇಲ್ಲಿದೆ ಅಂತ ನನ್ನ ಅಭಿಪ್ರಾಯ. ಸಿಕ್ಕ ಕೂಡಲೇ ಅಪ್ಪಿಕೊಂಡು ಅಳೋದು ಸಿನಿಮಾ. ಸಿಕ್ಕ ಮೇಲೂ ನಂಬಬಹುದಾ ಅಂತ ಪರೀಕ್ಷೆ ಮಾಡೋದು ಕಾದಂಬರಿ.

ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಇದರ ಇನ್ನೊಂದು ರೂಪ ಇದೆ, ಬಹಳ ಜನರಿಗೆ ಗೊತ್ತಿರೋದೇ. ಪಾಲು ತಗೊಂಡು ಹೋಗಿ ಹಾಳು ಮಾಡಿಕೊಂಡು ಬಂದ ಕಿರಿ ಮಗನನ್ನ ಅಪ್ಪ ಓಡಿ ಹೋಗಿ ಅಪ್ಪಿಕೊಳ್ಳುತ್ತಾನೆ. ಆದರೆ ಮನೆಯಲ್ಲೇ ಇದ್ದು ದುಡಿದ ಹಿರಿ ಮಗ ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ಅವನು ಒಳಗೆ ಬಂದನಾ ಇಲ್ಲವಾ, ಕಥೆ ಹೇಳುವುದಿಲ್ಲ. ಅಣ್ಣ ತಮ್ಮಂದಿರು ಕೂಡಿ ಅಂಗಡಿ ನಡೆಸುವ ಮನೆಗಳಲ್ಲಿ ಆ ಹಿರಿ ಮಗನ ಮುಖ ನೋಡಿದ್ದೇವೆ.

ಬೀಗ ಬಿದ್ದ ಮನೆಯ ಮೆಟ್ಟಿಲು

ಕಾದಂಬರಿಗೆ ಬಂದರೆ, 1880ರಲ್ಲಿ ಬಂದ 'ಬೆನ್ ಹರ್' ಹೆಸರು ಬಿಡೋಕಾಗಲ್ಲ. ಬರೆದವರು ಲ್ಯೂ ವಾಲೇಸ್, ಅಮೆರಿಕದ ಅಂತರ್ಯುದ್ಧದಲ್ಲಿ ಜನರಲ್ ಆಗಿದ್ದವರು. 1959ರ ಸಿನಿಮಾಕ್ಕೆ 11 ಆಸ್ಕರ್ ಬಂದವು. ಸಿನಿಮಾ ಅಂದರೆ ರಥದ ಓಟ ಅಂತಲೇ ಎಲ್ಲರಿಗೂ ನೆನಪು. ಪುಸ್ತಕದ ಜೀವ ಬೇರೆ ಕಡೆ ಇದೆ.

ಯೆರೂಸಲೇಮಿನ ಶ್ರೀಮಂತ ಮನೆ. ರೋಮಿನ ಅಧಿಕಾರಿಯ ಮೆರವಣಿಗೆ ನೋಡುವಾಗ ಮಾಳಿಗೆಯಿಂದ ಒಂದು ಹೆಂಚು ಜಾರಿ ಅವನ ಮೇಲೆ ಬೀಳುತ್ತೆ. ಮಗ ಯೂದನನ್ನ ಹಡಗಿನ ಹುಟ್ಟು ಹಾಕುವ ಶಿಕ್ಷೆಗೆ ಕಳಿಸುತ್ತಾರೆ. ಬಾಲ್ಯದ ಗೆಳೆಯ ಮೆಸಾಲನೇ ಅವನನ್ನ ತೋರಿಸಿಕೊಟ್ಟದ್ದು. ತಾಯಿ, ತಂಗಿಯನ್ನ ಯಾರಿಗೂ ಗೊತ್ತಾಗದ ನೆಲಮಾಳಿಗೆ ಕೋಣೆಗೆ ಹಾಕುತ್ತಾರೆ. ಮನೆಗೆ ಮುದ್ರೆ ಒತ್ತಿ, ಇದು ಚಕ್ರವರ್ತಿಯ ಸ್ವತ್ತು ಅಂತ ಬಾಗಿಲಿಗೆ ಬರಹ ಹೊಡೆಯುತ್ತಾರೆ.

ಎಂಟು ವರ್ಷ ಆದ ಮೇಲೆ ತಾಯಿ, ಮಗಳು ಹೊರಗೆ ಬರುತ್ತಾರೆ, ಆದರೆ ಇಬ್ಬರಿಗೂ ಕುಷ್ಠ ಹತ್ತಿದೆ. ಆಗಿನ ಕಾನೂನಿನಲ್ಲಿ ಕುಷ್ಠ ಅಂದರೆ ಬದುಕಿದ್ದೇ ಸತ್ತ ಹಾಗೆ, ಯಾರನ್ನೂ ಮುಟ್ಟುವಂತಿಲ್ಲ. ಊರು ಬಿಡುವ ಮೊದಲು ರಾತ್ರಿ ತಮ್ಮ ಹಳೇ ಮನೆ ನೋಡೋಕೆ ಬರುತ್ತಾರೆ. ಮೆಟ್ಟಿಲ ಮೇಲೆ ಯಾರೋ ಮಲಗಿದ್ದಾರೆ. ನೋಡಿದರೆ ಮಗ! ಇವರನ್ನೇ ಹುಡುಕಿಕೊಂಡು ಬಂದು, ದಣಿದು, ತನ್ನದೇ ಮನೆಯ ಹೊರಗೆ ನಿದ್ದೆ ಹೋಗಿದ್ದಾನೆ. ತಂಗಿ ಓಡಿ ಹೋಗಬೇಕು ಅಂತಾಳೆ, ತಾಯಿ ತಡೆಯುತ್ತಾಳೆ. ಬೋರಲಾಗಿ ತೆವಳಿ ಹೋಗಿ ಅವನ ಚಪ್ಪಲಿಯ ಅಟ್ಟೆಗೆ ಮುತ್ತು ಕೊಟ್ಟು ಹಿಂದೆ ಸರಿಯುತ್ತಾಳೆ. ಅವನಿಗೆ ಎಚ್ಚರ ಆಗೋದಿಲ್ಲ.

ಮುಂದೆ ಯೇಸು ಅವರನ್ನ ಗುಣ ಮಾಡುವುದು, ಮಗ ಕೂಡುವುದು ಎಲ್ಲ ಇದೆ. ಮೋಸದ ಒಂದು ಪ್ರೀತಿ ಕಳೆದು, ಎಸ್ತೇರ್ ಅನ್ನುವ ಹುಡುಗಿಯ ನಿಜವಾದ ಪ್ರೀತಿ ಸಿಗುವುದೂ ಇದೆ. ನಂಬುವವರಿಗೆ ಅದೇ ಮುಖ್ಯ. ನನಗೆ ಮಾತ್ರ ಆ ಮೆಟ್ಟಿಲು ಬಿಟ್ಟು ಮುಂದೆ ಹೋಗೋಕೆ ಬಹಳ ಹೊತ್ತು ಆಗಲಿಲ್ಲ. ಕಾರಣ ಕೆಳಗೆ ಬರೆದಿದ್ದೇನೆ.

ನಮ್ಮ ಕಡೆಗೆ ಹೇಗೆ ಬಂತು

ನಮ್ಮ ದೇಶದಲ್ಲಿ ಮೊದಮೊದಲು ಬಂದ ಕಾದಂಬರಿಗಳಲ್ಲಿ ಕೆಲವು ಕ್ರೈಸ್ತರದ್ದೇ. ಬಂಗಾಳಿಯಲ್ಲಿ ಹ್ಯಾನಾ ಮುಲೆನ್ಸ್ 1852ರಲ್ಲಿ ಫುಲ್ಮಣಿ, ಕರುಣಾ ಅನ್ನುವ ಇಬ್ಬರು ಹೆಂಗಸರ ಕಥೆ ಬರೆದರು. ಮರಾಠಿಯ ಮೊದಲ ಕಾದಂಬರಿ ಅಂತ ಕರೆಯುವ 'ಯಮುನಾ ಪರ್ಯಟನ' 1857ರದ್ದು. ಬರೆದ ಬಾಬಾ ಪದ್ಮನ್‌ಜಿ ಹುಟ್ಟಿದ್ದು 1831ರಲ್ಲಿ, ನಮ್ಮ ಪಕ್ಕದ ಬೆಳಗಾವಿಯಲ್ಲಿ. ಪ್ರೀತಿಸಿದ ಗಂಡನನ್ನ ಕಳಕೊಂಡ ಯಮುನಾ ಅನ್ನುವ ವಿಧವೆಯ ಕಥೆ ಅದು. ತಲೆ ಬೋಳಿಸುವುದರಿಂದ ಹಿಡಿದು ವಿಧವೆಯರಿಗೆ ಆಗುತ್ತಿದ್ದ ಹಿಂಸೆಯನ್ನ ಊರೂರು ತಿರುಗಿ ತೋರಿಸುತ್ತೆ. ಕಡೆಗೆ ಅವಳು ಕ್ರೈಸ್ತಳಾಗಿ ಮರುಮದುವೆ ಆಗುತ್ತಾಳೆ. ಮತ ಹೇಳೋದು ಅದರ ಉದ್ದೇಶ, ಅದನ್ನ ಮುಚ್ಚಿಟ್ಟಿಲ್ಲ. ಆದರೆ ವಿಧವೆಯರ ಸಂಕಟ ಬರೆದದ್ದು ಸುಳ್ಳಲ್ಲ. ಎರಡನ್ನೂ ಬೇರೆ ಬೇರೆ ಮಾಡಿ ಓದೋಕೆ ಬರುತ್ತೆ.

ಕನ್ನಡದಲ್ಲಿ ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' ತಂದ ಮೋಗ್ಲಿಂಗ್, ನಿಘಂಟು ಮಾಡಿದ ಕಿಟೆಲ್ ಈ ಮಿಶನ್‌ನವರೇ. ಇವರಲ್ಲೇ ಒಬ್ಬರಾದ ವೈಗ್ಲೆ ಬನಿಯನ್‌ನ ಇಂಗ್ಲಿಷ್ ಪುಸ್ತಕವನ್ನ 'ಯಾತ್ರಿಕನ ಸಂಚಾರ' ಅಂತ ಕನ್ನಡಕ್ಕೆ ತಂದರು. ಅದರಲ್ಲೂ ಕುಟುಂಬ ಒಡೆಯುತ್ತೆ: ದೇವರ ಪಟ್ಟಣ ಹುಡುಕಿ ಹೊರಟವನು ಹೆಂಡತಿ ಮಕ್ಕಳು ಕೂಗಿದರೂ ಕಿವಿ ಮುಚ್ಚಿಕೊಂಡು ಓಡುತ್ತಾನೆ. ಇಂಗ್ಲಿಷಿನಲ್ಲಿ ಮೊದಲ ಭಾಗ 1678ರಲ್ಲಿ ಬಂತು. ಹೆಂಡತಿ ನಾಲ್ಕು ಮಕ್ಕಳನ್ನ ಕರಕೊಂಡು ಅದೇ ದಾರಿ ಹಿಡಿಯುವ ಎರಡನೇ ಭಾಗ ಬಂದದ್ದು 1684ರಲ್ಲಿ. ಅಂದರೆ ಆಕೆ ಆರು ವರ್ಷ ಕಾಯಬೇಕಾಯ್ತು!

ಇನ್ನೊಂದು ಮಾತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ 'ಇಂದಿರಾಬಾಯಿ' 1899ರಲ್ಲಿ ಅಚ್ಚಾದದ್ದೂ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲೇ. ಬರೆದ ಗುಲ್ವಾಡಿ ವೆಂಕಟರಾಯರು ಕ್ರೈಸ್ತರಲ್ಲ, ಅದು ಕ್ರೈಸ್ತ ಕಥೆಯೂ ಅಲ್ಲ. ಅದರಲ್ಲೂ ವಿಧವೆಯ ಮರುಮದುವೆಯೇ ವಿಷಯ.

ಗುಳೇದಗುಡ್ಡದ ನಂಟು

ಈ ಮಿಶನ್ ಧಾರವಾಡ, ಹುಬ್ಬಳ್ಳಿ, ಬೆಟಗೇರಿ ದಾಟಿ ಗುಳೇದಗುಡ್ಡಕ್ಕೆ ಬಂದದ್ದು 1851ರಲ್ಲಿ. ಖಣ ನೇಯುವವರ ಊರು. ಆಗ ಬಾದಾಮಿ ತಾಲೂಕು, ಮುಂದೆ ಜಿಲ್ಲಾ ಕಚೇರಿ ಕಲಾದಗಿಯಲ್ಲಿ ಆಯ್ತು. ಸುಮಾರು 25 ವರ್ಷದ ಮೇಲೆ, 1876-77ರಲ್ಲಿ, ಹಿರಿಯರು ಧಾತು-ಈಶ್ವರ ಬರ ಅಂತಿದ್ದ ದೊಡ್ಡ ಬರ ಬಿತ್ತು. 1872ರ ಜನಗಣತಿಯಲ್ಲಿ ಈ ಜಿಲ್ಲೆಯಲ್ಲಿ ಸುಮಾರು 8 ಲಕ್ಷ ಜನ ಇದ್ದರು, 1881ರಲ್ಲಿ ಸುಮಾರು 6.4 ಲಕ್ಷಕ್ಕೆ ಇಳಿದಿತ್ತು. ಸತ್ತವರು ಎಷ್ಟೋ, ಊರು ಬಿಟ್ಟು ಹೋಗಿ ತಿರುಗಿ ಬಾರದವರು ಎಷ್ಟೋ. ತಾಯಿ ತಂದೆ ಕಳಕೊಂಡ ಮಕ್ಕಳನ್ನ ಮಿಶನ್‌ನವರು ತಮ್ಮ ಅನಾಥಾಲಯಗಳಲ್ಲಿ ಸಾಕಿದರು. ಅಂಥ ಮಕ್ಕಳಿಗೆ ಯೋಸೇಫನ ಬರದ ಕಥೆ ಓದಿಸುವಾಗ ಅವರ ಮನಸ್ಸಿನಲ್ಲಿ ಏನಾಗಿರಬಹುದು ಅಂತ ಯೋಚನೆ ಮಾಡಿ.

ಮಿಶನರಿಗಳ ಮನೆಗಳೂ ಚದುರಿದ್ದೇ. ಮದುವೆಗೆ ಬಾಸೆಲ್‌ನ ಕಮಿಟಿ ಒಪ್ಪಿಗೆ ಬೇಕಿತ್ತು. ಎಷ್ಟೋ ಹೆಣ್ಣುಮಕ್ಕಳು ಮುಖ ನೋಡದ ಗಂಡಿಗೆ ಮದುವೆ ಆಗೋಕೆ ಹಡಗು ಹತ್ತಿ ಬಂದರು. ಇಲ್ಲಿ ಹುಟ್ಟಿದ ಮಕ್ಕಳನ್ನ ಆರೇಳು ವರ್ಷಕ್ಕೆ ಯುರೋಪಿಗೆ ಕಳಿಸಿಬಿಡುತ್ತಿದ್ದರು. ಮತ್ತೆ ನೋಡುವುದು ಎಷ್ಟೋ ವರ್ಷದ ಮೇಲೆ.

ಇದರಲ್ಲಿ ಒಂದು ಕಥೆ ಎಲ್ಲರಿಗೂ ಗೊತ್ತಾಗಿದೆ, ಅದು ಮಲಬಾರಿನದ್ದು. ಮಲಯಾಳಂ ನಿಘಂಟು ಮಾಡಿದ ಹರ್ಮನ್ ಗುಂಡರ್ಟ್ ಅವರ ಮಗಳು ಮರಿ, 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ಎಳೆ ವಯಸ್ಸಿಗೇ ಯುರೋಪಿನಲ್ಲಿ ಬಿಟ್ಟುಬಂದರು. 15ನೇ ವಯಸ್ಸಿಗೆ, 1857ರಲ್ಲಿ, ತಂದೆ ತಾಯಿಯ ಹತ್ತಿರ ವಾಪಸ್ ಬರುವಾಗ ಹಡಗಿನಲ್ಲಿ ಒಬ್ಬ ಇಂಗ್ಲಿಷ್ ಹುಡುಗನ ಮೇಲೆ ಪ್ರೀತಿ ಆಯ್ತು. ತಂದೆ ಒಪ್ಪಲಿಲ್ಲ. ಕುಟುಂಬ ಕೂಡಿಕೊಂಡಿತು, ಪ್ರೀತಿ ಅಲ್ಲೇ ಹೋಯ್ತು. ಮುಂದೆ ಬೇರೆಯವರನ್ನ ಮದುವೆಯಾಗಿ, ಆ ಗಂಡ ತೀರಿಕೊಂಡ ಮೇಲೆ ಯೋಹಾನ್ನೆಸ್ ಹೆಸ್ಸೆ ಅವರನ್ನ ಮದುವೆಯಾದಳು. ಅವರ ಮಗನೇ 'ಸಿದ್ಧಾರ್ಥ' ಬರೆದ, 1946ರಲ್ಲಿ ನೊಬೆಲ್ ಪಡೆದ ಹರ್ಮನ್ ಹೆಸ್ಸೆ.

ಮುಳುಗಡೆ ಬರೆದ ಕ್ರೈಸ್ತ ಕಾದಂಬರಿಕಾರ

ಎರಡನೇ ಥರದ, ಅಂದರೆ ಮತ ಹೇಳದ ಕಾದಂಬರಿಗೆ ಕನ್ನಡದಲ್ಲಿ ದೊಡ್ಡ ಹೆಸರು ನಾ. ಡಿಸೋಜ. ಸಾಗರದವರು, 1937ರಲ್ಲಿ ಹುಟ್ಟಿದರು, 2025ರ ಜನವರಿಯಲ್ಲಿ ತೀರಿಕೊಂಡರು. 2014ರಲ್ಲಿ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು. ಕ್ರೈಸ್ತ ಮನೆಗಳ ಬಗ್ಗೆ 'ಇಗರ್ಜಿಯ ಸುತ್ತಲಿನ ಹತ್ತು ಮನೆಗಳು' ಥರದ ಕಾದಂಬರಿ ಬರೆದರು. ಆದರೆ ಅವರು ಲೋಕೋಪಯೋಗಿ ಇಲಾಖೆ ನೌಕರರಾಗಿ ಶರಾವತಿ ಯೋಜನೆಯಲ್ಲಿ ಕೆಲಸ ಮಾಡಿದವರು. ನೀರು ಏರುವುದು, ಮನೆ ಬಿಡುವುದು ಕಣ್ಣಾರೆ ಕಂಡವರು. 'ಮುಳುಗಡೆ', 'ದ್ವೀಪ', ಮಕ್ಕಳಿಗೆ 'ಮುಳುಗಡೆಯ ಊರಿಗೆ ಬಂದವರು' ಹಂಗೇ ಬಂದವು. ಕಡೆಯದ್ದಕ್ಕೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಾಲ ಪುರಸ್ಕಾರ ಸಿಕ್ಕಿತು. 'ದ್ವೀಪ' ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು, ಸೌಂದರ್ಯ ಇದ್ದಾರೆ. ಅದರ ಜನ ಕ್ರೈಸ್ತರಲ್ಲ, ನೀರಿಗೆ ಮನೆ ಕಳಕೊಳ್ಳುವವರು ಅಷ್ಟೇ.

ಮುಳುಗಡೆ ಅನ್ನೋ ಶಬ್ದಕ್ಕೆ ಬಾಗಲಕೋಟೆಯಲ್ಲಿ ಅರ್ಥ ಹೇಳಬೇಕಿಲ್ಲ. ಆಲಮಟ್ಟಿಯ ಹಿನ್ನೀರು ಘಟಪ್ರಭೆಗುಂಟ ಹತ್ತಿ ಬಂದು ಹಳೇ ಊರಿನ ಓಣಿಗಳನ್ನ ನುಂಗಿತು. ಚಾರ್ಲ್ಸ್ ಕೊರಿಯಾ ನಕ್ಷೆ ಹಾಕಿದ ನವನಗರಕ್ಕೆ ಜನ ಬಂದರು. ನಮ್ಮಜ್ಜಿ ಮನೆಯೂ ಹೋಯ್ತು. ಆಕೆಯ ಒಬ್ಬ ತಮ್ಮ ಸಣ್ಣ ವಯಸ್ಸಿನಲ್ಲಿ ಜಗಳ ಮಾಡಿಕೊಂಡು ಊರು ಬಿಟ್ಟು ಹೋಗಿದ್ದ, ಪತ್ತೆ ಇಲ್ಲ. ಪರಿಹಾರದ ರೊಕ್ಕ ಬಂದ ದಿನ ಆಕೆ ಹೇಳಿದ ಮಾತು ನಮ್ಮವ್ವ ಈಗಲೂ ಹೇಳುತ್ತಾಳೆ: "ಅಂವ ಬಂದ್ರ ಎಲ್ಲಿಗೆ ಬರತಾನ? ಅವನಿಗೆ ಓಣಿ ಗೊತ್ತು, ಸೆಕ್ಟರ್ ನಂಬರ್ ಗೊತ್ತಿಲ್ಲ."

ಬೆನ್ ಹರ್ ಮಲಗಿದ್ದ ಮೆಟ್ಟಿಲು ಓದಿದಾಗ ನನಗೆ ನೆನಪಾದದ್ದು ಇದು. ಅವನ ಮನೆಗೆ ಚಕ್ರವರ್ತಿಯ ಮುದ್ರೆ ಬಿದ್ದಿದ್ದರೂ ಮೆಟ್ಟಿಲು ಅಲ್ಲೇ ಇತ್ತು. ಹುಡುಕಿ ಬಂದವರು ಅಲ್ಲಿ ಸಿಕ್ಕರು.

ಹಂಗಾದ್ರೆ ಹುಡುಗಿ ಓದಬಹುದಾ?

ಓದಬಹುದು. ಮೊದಲನೇ ಥರದ ಪುಸ್ತಕ ಆದರೆ ಅದರಲ್ಲಿ ಮತದ ಮಾತು ಇದ್ದೇ ಇರುತ್ತೆ, ಅದನ್ನ ತಿಳಿದುಕೊಂಡು ಓದಬೇಕು. ಮುನ್ನುಡಿ, ಪ್ರಕಾಶಕರ ಹೆಸರು, ಕಡೆಯ ಎರಡು ಪುಟ ನೋಡಿದರೆ ಯಾವ ಥರದ್ದು ಅಂತ ಗೊತ್ತಾಗುತ್ತೆ. ಹುಡುಗಿ ಅತ್ತದ್ದು ಯಾವುದಕ್ಕೆ ಅಂತ ಅವಳನ್ನೇ ಕೇಳಿದರೆ ಇನ್ನೂ ಬೇಗ ಗೊತ್ತಾಗುತ್ತೆ.

ನಾ. ಡಿಸೋಜ ಅವರ ಪುಸ್ತಕ ಬೇಕಾದವರು ತಾಲೂಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಲೇಖಕರ ಹೆಸರು ಹೇಳಿ ಕೇಳಿ. ಕನ್ನಡ ಬೈಬಲ್ ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತೆ. ಯೋಸೇಫನ ಕಥೆ ಪೂರಾ ಓದೋಕೆ ಒಂದೂವರೆ ತಾಸು ಸಾಕು, ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಮುಗಿಯುತ್ತೆ.

ನಿನ್ನೆ ಮತ್ತೆ ಅದೇ ಅಂಗಡಿಗೆ ಹೋಗಿದ್ದೆ. ಸಾವಕಾರ್ರಿಗೆ ಚೀಲದಲ್ಲಿ ರೊಕ್ಕ ವಾಪಸ್ ಇಟ್ಟ ಭಾಗ ಹೇಳಿದೆ. ಗಲ್ಲೇದ ಮೇಲೆ ಕೈ ಇಟ್ಟುಕೊಂಡು ಪೂರಾ ಕೇಳಿದ್ರು. "ಆಮ್ಯಾಲ ಅಪ್ಪ ಬಂದನೇನು? ಮುದುಕ ಇದ್ದನೇನು ಇನ್ನಾ?" ಅಂದ್ರು. ಇದ್ದ, ಬಂಡಿ ಕಳಿಸಿ ಕರೆಸಿಕೊಂಡರು ಅಂದೆ. ಜಾಹೀರಾತಿನ ಬಾಕಿ ಸೋಮವಾರ ಕೊಡ್ತೀನಿ ಅಂದಿದ್ದಾರೆ.